ಬಂತು ಅನ್ನುವ ತನಕ

"ಎತ್ತೂದು ಯಾರರೆ ಎತ್ತತಾರ್ರೀ ಬಾಯಾರ. ಇಳಸೂದು ಐತಲ್ಲ, ಅದು ಕೆಲಸ."

ದ್ಯಾಮಪ್ಪ ಪ್ರಯೋಗಾಲಯಕ್ಕೆ ಬಂದ ಮೊದಲ ದಿನ, ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟು ಒಳಗೆ ಕಾಲಿಟ್ಟವನೇ ಆಡಿದ ಮಾತು ಇದು. ಉಮಾ ಹಂಚಿನಮನಿ ಅದನ್ನು ಕೇಳಿ ನಕ್ಕಿದ್ದಳು. ಹದಿನಾಲ್ಕು ವರ್ಷ ಯಂತ್ರಗಳ ಜೊತೆ ಹೆಣಗಾಡಿದ ಎಂಜಿನಿಯರಿಗೆ ಒಬ್ಬ ಹಮಾಲ ಪಾಠ ಹೇಳಿದರೆ ನಗು ಬರುವುದು ಸಹಜ. ಆ ನಗು ಈಗ ನೆನಪಾದರೆ ಅವಳು ಉಣ್ಣುವ ತಟ್ಟೆ ಸರಿಸಿ ಏಳುತ್ತಾಳೆ.

ಆಗ ಹುಬ್ಬಳ್ಳಿಯ ಕಾಳಿನ ಮಾರುಕಟ್ಟೆಯಲ್ಲಿ ಚೀಲ ಹೊರುವ ಮನುಷ್ಯರೇ ಉಳಿದಿರಲಿಲ್ಲ. ಲಾರಿಯಿಂದ ಗೋದಾಮಿಗೆ, ಗೋದಾಮಿನಿಂದ ತಕ್ಕಡಿಗೆ ಎಲ್ಲವನ್ನೂ ಯಂತ್ರಗಳೇ ಸಾಗಿಸುತ್ತಿದ್ದವು. ದ್ಯಾಮಪ್ಪ ಕೊನೆಯ ತಲೆಮಾರಿನ ಹಮಾಲ. ಚೀಲ ಹೊರುವುದು ನಿಂತರೂ ಅವನ ಹೊರುವ ಕೆಲಸ ನಿಂತಿರಲಿಲ್ಲ. ಮಗಳು ಕಸ್ತೂರಿ ಹದಿನಾಲ್ಕರ ವಯಸ್ಸಿನಲ್ಲಿ ಹಪ್ಪಳ ಒಣಹಾಕಲು ಮಾಳಿಗೆ ಹತ್ತಿ ಜಾರಿ ಬಿದ್ದಿದ್ದಳು. ಸೊಂಟದ ಕೆಳಗೆ ಏನೂ ಇಲ್ಲವಾಯಿತು. ತಾಯಿ ಅದಕ್ಕೂ ಮೊದಲೇ ತೀರಿಕೊಂಡಿದ್ದಳು. ಅಂದಿನಿಂದ ಹನ್ನೆರಡು ವರ್ಷ, ದಿನಕ್ಕೆ ಎಂಟು ಸಲ, ಹಾಸಿಗೆಯಿಂದ ಗಾಲಿಕುರ್ಚಿಗೆ, ಗಾಲಿಕುರ್ಚಿಯಿಂದ ಹಾಸಿಗೆಗೆ, ಅಪ್ಪನೇ ಎತ್ತಿದ್ದ. ಒಂದು ಸಲವೂ ಬೀಳಿಸಿರಲಿಲ್ಲ. ಮಗಳ ಬೆನ್ನಿಗೆ ಒಂದು ಹಾಸಿಗೆ ಹುಣ್ಣೂ ಆಗಗೊಟ್ಟಿರಲಿಲ್ಲ. ಈ ಸುದ್ದಿ ಆಸ್ಪತ್ರೆಯವರ ಬಾಯಿಂದ ಉಮಾಳ ಕಿವಿಗೆ ಬಿದ್ದದ್ದೇ ಅವನನ್ನು ಕರೆಸಲು ಕಾರಣ.

ಮನುಷ್ಯರನ್ನು ಎತ್ತುವ ಯಂತ್ರ ಹೊಸದೇನಲ್ಲ. ಹಳೆಯ ಯಂತ್ರಗಳು ಬಟ್ಟೆಯ ಜೋಲಿಯಲ್ಲಿ ಕೂರಿಸಿ, ಕೊಕ್ಕೆಗೆ ಸಿಕ್ಕಿಸಿ, ಮೇಲೆತ್ತುತ್ತಿದ್ದವು. ಅದರಲ್ಲಿ ತೂಗಾಡುವವರಿಗೆ ತಾವು ಮನುಷ್ಯರು ಎಂಬುದೇ ಮರೆತುಹೋಗುತ್ತಿತ್ತು. ಎಷ್ಟೋ ಮನೆಗಳಲ್ಲಿ ಮೂರನೆಯ ವಾರಕ್ಕೆ ಅದರ ಮೇಲೆ ಟವೆಲ್ಲು ಒಣಗುತ್ತಿತ್ತು. ಉಮಾ ಬೇರೆ ದಾರಿ ಹಿಡಿದಳು. ಒಬ್ಬರನ್ನು ವರ್ಷಗಟ್ಟಲೆ ಎತ್ತಿ ಇಳಿಸಿದ ಕೈಗಳಿಗೆ ಏನು ಗೊತ್ತಿದೆಯೋ ಅದನ್ನೇ ಯಂತ್ರಕ್ಕೆ ಕಲಿಸಿದರೆ ಹೇಗೆ? ಅವಳು ಮಾಡಿದ ಯಂತ್ರದ ಹೆಸರು 'ತೋಳು'. ಗಾಲಿಗಳ ಮೇಲೆ ನಿಂತ ಒಂದು ಕಂಬ, ಅದಕ್ಕೆ ಗಾಳಿ ತುಂಬಿದ ರಬ್ಬರಿನ ಎರಡು ತೋಳು, ತಲೆ ಆನಿಸಲು ಮೆತ್ತನೆಯ ಒಂದು ಭುಜ. ಎತ್ತಿ ರೂಢಿಯಿದ್ದವರು ಎಳೆ ಎಳೆಯಾಗಿ ತಂತಿ ನೇಯ್ದ ಕೈಗವಸು ಮತ್ತು ಅಂಗಿ ತೊಟ್ಟು ನಲವತ್ತು ಸಲ ಎತ್ತಿ ಇಳಿಸಿದರೆ ಸಾಕು, ಯಾವ ಬೆರಳು ಎಷ್ಟು ಬಿಗಿ, ಯಾವಾಗ ಉಸಿರು, ಯಾವಾಗ ಸಡಿಲ ಎಂಬುದೆಲ್ಲ ತೋಳಿಗೆ ಬಂದುಬಿಡುತ್ತಿತ್ತು.

ದ್ಯಾಮಪ್ಪನ ಕೆಲಸ ನೋಡಲು ಪ್ರಯೋಗಾಲಯದವರೆಲ್ಲ ಸುತ್ತ ನಿಂತರು. ಅವನಿಗೆ ಅವಸರವಿರಲಿಲ್ಲ. ಕುರ್ಚಿಯನ್ನು ಹಾಸಿಗೆಗೆ ಓರೆಯಾಗಿ ತಂದ. ಎರಡೂ ಬ್ರೇಕು ಹಾಕಿ, ಹಾಕಿದ್ದನ್ನು ನಂಬದೆ ಕುರ್ಚಿಯನ್ನೊಮ್ಮೆ ಅಲುಗಿಸಿ ನೋಡಿದ. ಕಾಲಿಡುವ ತಗಡುಗಳನ್ನು ಮಡಚಿದ. ಮಗಳ ಪಾದಗಳೆರಡನ್ನೂ ನೆಲಕ್ಕೆ ಸಪಾಟಾಗಿ ಊರಿಸಿ, ಅವಳ ಮೊಣಕಾಲುಗಳನ್ನು ತನ್ನ ಮೊಣಕಾಲುಗಳ ನಡುವೆ ಒತ್ತಿ ಹಿಡಿದ. ಸೊಂಟಕ್ಕೆ ಕಟ್ಟಿದ ಅಗಲ ಪಟ್ಟಿಗೆ ಕೈ ಹಾಕಿದನೇ ಹೊರತು ಕಂಕುಳಿಗೆ ಹಾಕಲಿಲ್ಲ. ಕಸ್ತೂರಿ ಮುಂದಕ್ಕೆ ಬಾಗಿ ಅಪ್ಪನ ಭುಜಕ್ಕೆ ತಲೆ ಕೊಟ್ಟಳು.

"ಲಾಭ... ಎಲ್ಡು... ಮೂರು."

ಕಾಳು ಅಳೆಯುವವರು ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಮೂರಕ್ಕೆ ಅವಳು ಮೇಲೆದ್ದಳು. ದ್ಯಾಮಪ್ಪ ಸೊಂಟ ತಿರುಚದೆ, ಸಣ್ಣ ಸಣ್ಣ ಹೆಜ್ಜೆಯಲ್ಲಿ ತಿರುಗಿ, ತಾನೂ ಮೊಣಕಾಲು ಬಗ್ಗಿಸುತ್ತ ಅವಳನ್ನು ಕುರ್ಚಿಗಿಳಿಸಿದ. ಇಳಿಸಿದ ಮೇಲೂ ಬಿಡಲಿಲ್ಲ.

"ಬಂತೇನವ್ವಾ?"

ಕಸ್ತೂರಿ ಅವನ ಭುಜದಿಂದ ತಲೆಯೆತ್ತಿ, ಬೆನ್ನು ಹಿಂದಕ್ಕೆ ತಂದು ಕುರ್ಚಿಗೆ ಆನಿಸಿ, "ಬಂತು" ಎಂದಳು. ಆಮೇಲೆ ಅವನ ಕೈ ಬಿಟ್ಟಿತು.

ಪರದೆಯ ಮೇಲಿನ ಗೆರೆಗಳನ್ನು ನೋಡುತ್ತಿದ್ದ ಉಮಾ ಕೇಳಿದಳು, "ಕಾಕಾ, ಭಾರ ಪೂರಾ ಕುರ್ಚಿಗೆ ಬಂದಮ್ಯಾಲೂ ನಾಲ್ಕು ಸೆಕೆಂಡ್ ಹಿಡದ ನಿಂತಿದ್ರಿ. ಯಾಕ?"

"ಇಕಿ ಬಂತು ಅಂದಿರಲಿಲ್ಲಲ್ರೀ."

"ಆದ್ರ ಭಾರ ಬಂದಿತ್ತಲ್ಲ."

"ಭಾರ ಬಂದ್ರ ಆತೇನ್ರಿ? ಮನಷ್ಯಾ ಬರಬೇಕಲ್ಲ." ದ್ಯಾಮಪ್ಪ ಹಣೆಯ ಬೆವರು ಒರೆಸಿಕೊಂಡ. "ಬಜಾರದಾಗ ಕೊಡಾಂವ, ತೊಗೊಳ್ಳಾಂವ ಅಂತ ಇರತಾರ್ರಿ. ತೊಗೊಳ್ಳಾಂವ ಬಂತು ಅನ್ನೂತನಕ ಕೊಡಾಂವ ಚೀಲ ಬಿಡಬಾರದು. ನನ್ನ ಜೋಡಿ ಮುದಕಪ್ಪ ಅಂತ ಇದ್ದ. ಒಬ್ಬಾಂವ ಹೊಸಬ, ಬಂತು ಅನ್ನೂ ಮೊದಲ ಬಿಟ್ಟ. ನೂರು ಕಿಲೋ ಗೋಧಿ ಕುತಗಿ ಮ್ಯಾಲೆ ಬಿತ್ತು. ಮುಂದ ಮುದಕಪ್ಪ ಮಾತಾಡಲಿಲ್ಲ."

ಇನ್ನೊಂದು ನೇಮವನ್ನೂ ಅವನು ಹೇಳಿದ. ನೆಲದ ಮೇಲೆ ಬಿದ್ದ ಚೀಲವನ್ನು ಯಾವ ಗಂಡಸೂ ಒಬ್ಬನೇ ಎತ್ತಬಾರದು. ಇಬ್ಬರು ಎತ್ತಬೇಕು, ಮೂರನೆಯವ ಬೆನ್ನು ಕೊಡಬೇಕು. ಒಬ್ಬನೇ ಎದುರಿನಿಂದ ತಬ್ಬಿ ಎತ್ತಿದ ಹಮಾಲರು ಬಹಳ ದಿನ ಬಾಳಲಿಲ್ಲವಂತೆ. ಉಮಾ ಇದನ್ನೂ ಬರೆದುಕೊಂಡಳು. ಬರೆದುಕೊಳ್ಳುವುದರಲ್ಲಿ ಅವಳು ಎಂದೂ ಹಿಂದೆ ಬಿದ್ದವಳಲ್ಲ.

ನಲವತ್ತು ಸಲ ಮುಗಿಯಲು ಎಂಟು ದಿನ ಹಿಡಿಯಿತು. ದಿನಕ್ಕೆ ಐದು ಸಲಕ್ಕೇ ದ್ಯಾಮಪ್ಪನಿಗೆ ಉಸಿರು ಮೇಲೆ ಬರುತ್ತಿತ್ತು. ಐದನೆಯ ದಿನ ಉಮಾ ಅವರ ಮನೆಗೆ ಹೋದಳು. ಹಮಾಲರ ಕಾಲೊನಿಯಲ್ಲಿ ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಕಸ್ತೂರಿ ಮೇಜಿನ ತುಂಬ ಬಿಚ್ಚಿದ ಮೊಬೈಲುಗಳನ್ನು ಹರಡಿಕೊಂಡು ರಿಪೇರಿ ಮಾಡುತ್ತಿದ್ದಳು. ಅರ್ಧ ಕಾಲೊನಿಯ ಫೋನುಗಳು ಅವಳ ಕೈಯಲ್ಲೇ ಜೀವ ಪಡೆಯುತ್ತಿದ್ದವು. ದ್ಯಾಮಪ್ಪ ಮಂಡಕ್ಕಿಗೆ ಉಳ್ಳಾಗಡ್ಡಿ ಹೆಚ್ಚಿ ಹಾಕಿ ಗಿರ್ಮಿಟ್ಟು ಕಲಸಿಕೊಟ್ಟ, ಚಹಾ ಕಾಸಿದ.

"ಅಕ್ಕಾರ, ನಮ್ಮಪ್ಪ ನಿಮ್ಮ ಯಂತ್ರಕ್ಕ ಉಪ್ಪ-ಖಾರಾನೂ ಕಲಿಸ್ಯಾನು, ಸ್ವಲ್ಪ ನೋಡ್ಕೋರಿ" ಎಂದು ಕಸ್ತೂರಿ ನಕ್ಕಳು.

"ಕಲಸಿದ್ರ ಛಲೋನ ಆತು. ನಿನಗ ಒಂದ ಚಹಾ ಕಾಸಾಕ ಬರೂದಿಲ್ಲ."

ಹೊರಡುವಾಗ ದ್ಯಾಮಪ್ಪ ಓಣಿಯ ತಿರುವಿನ ತನಕ ಅವಳ ಜೊತೆ ನಡೆದ. ಮಗಳ ಕಿವಿಗೆ ಬೀಳದಷ್ಟು ದೂರ ಬಂದ ಮೇಲೆ ನಿಂತ.

"ಡಾಕ್ಟರು ಎದಿ ಸುಮಾರೈತಿ ಅಂದಾರ್ರಿ. ಇನ್ನ ಮ್ಯಾಲೆ ಎತ್ತಬ್ಯಾಡ ಅಂದಾರ. ಕಸ್ತೂರಿಗೆ ಹೇಳಿಲ್ಲ." ಅವನು ಮನೆಯ ಕಡೆಗೊಮ್ಮೆ ತಿರುಗಿ ನೋಡಿದ. "ನಾ ಸಾಯೂದರ ಬಗ್ಗೆ ಏನಿಲ್ರಿ ಬಾಯಾರ. ಮರುದಿನ ಮುಂಜಾನೆ ಇಕಿನ್ನ ಹಾಸಿಗೀಂದ ಯಾರು ಎಬ್ಬಸಬೇಕು, ಅಷ್ಟ ನನ್ನ ಚಿಂತಿ. ನಿಮ್ಮ ಯಂತ್ರಕ್ಕ ಕೇಳೂದು ಕಲಸರಿ. ಅಕಿ ಬಂತು ಅನ್ನೂತನಕ ಬಿಡಬಾರದು."

"ಕಲಸ್ತೀನಿ ಕಾಕಾ" ಎಂದಳು ಉಮಾ. ಮನಸಾರೆ ಹೇಳಿದ್ದಳು. ಆ ಗಳಿಗೆಯಲ್ಲಿ ಅದು ಸುಳ್ಳಾಗಿರಲಿಲ್ಲ.

ಎರಡು ತಿಂಗಳ ಮೇಲೆ ಪರಿಶೀಲನಾ ಸಮಿತಿ ಕೂತಿತು. ತೋಳು ಮಾತಿಗಾಗಿ ಕಾಯುತ್ತದೆ ಎಂಬುದನ್ನು ಓದಿದ ಪ್ರಯೋಗಾಲಯದ ನಿರ್ದೇಶಕರು ಕನ್ನಡಕ ತೆಗೆದಿಟ್ಟರು.

"ಇದೇನ್ ಉಮಾ? ಸ್ಟ್ರೋಕ್ ಆದವರಿಗೆ ಮಾತು ಬರೂದಿಲ್ಲ. ಅವರನ್ನ ನಿಮ್ಮ ಯಂತ್ರ ಸಂಜೀತನಕ ತಬ್ಬಿಕೊಂಡು ನಿಂದರತದೇನು?"

ಎಲ್ಲರೂ ನಕ್ಕರು. ಉಮಾಳೂ ನಕ್ಕಳು. ಅದರ ಬದಲಿಗೆ ಕುರ್ಚಿಯ ಮೇಲೆ ಒಂದು ಚಾಪೆ ಹಾಸಬಹುದು, ಪೃಷ್ಠ ಮತ್ತು ತೊಡೆಗಳ ಭಾರ ಪೂರ್ತಿ ಬಂದದ್ದನ್ನು ಚಾಪೆಯೇ ಹೇಳುತ್ತದೆ, ಆ ಕ್ಷಣ ತೋಳು ಬಿಡಬಹುದು ಎಂದು ತೀರ್ಮಾನವಾಯಿತು. ಪ್ರಯೋಗಾಲಯದಲ್ಲಿ ಒಂಬೈನೂರು ಸಲ ಪರೀಕ್ಷೆ ನಡೆಸಿದರು. ಒಂದೂ ತಪ್ಪಲಿಲ್ಲ. ಪರೀಕ್ಷೆಗೆ ಕೂತವರಿಗೆಲ್ಲ, ಕುರ್ಚಿ ತಾಗಿದ ಕೂಡಲೇ ಹಿಂದಕ್ಕೆ ಒರಗಿ ಎಂದು ಮೊದಲೇ ಹೇಳಿಕೊಟ್ಟಿದ್ದರು. ಉಮಾ ಸಹಿ ಹಾಕಿದಳು. ಯಾರೂ ಅವಳ ಕೈ ತಿರುಚಿ ಹಾಕಿಸಲಿಲ್ಲ. ನಾಲ್ಕು ಸೆಕೆಂಡಿನ ಮಾತು, ಅದನ್ನೇನು ದ್ಯಾಮಪ್ಪನಿಗೆ ಹೇಳುವುದು ಅಂದುಕೊಂಡಳು.

ಅದೇ ತಪ್ಪು. ಉಳಿದದ್ದೆಲ್ಲ ಅದರ ಹಿಂದೆ ಬಂದದ್ದು.

ಮೊದಲ ತೋಳು ಹೋದದ್ದು ಕಸ್ತೂರಿಯ ಮನೆಗೇ. ಕಾಲೊನಿಯವರೆಲ್ಲ ಬಂದು ನೋಡಿದರು. ಪಕ್ಕದ ಮನೆಯ ಹುಸೇನಬಿ ಯಂತ್ರಕ್ಕೆ ದೃಷ್ಟಿ ತೆಗೆದಳು. ತೋಳು ಥೇಟ್ ದ್ಯಾಮಪ್ಪನ ಹಾಗೆಯೇ ಎತ್ತುತ್ತಿತ್ತು, ಎಡಗೈ ತುಸು ಬಿಗಿ, ತಿರುಗುವಾಗ ಗಾಲಿಗಳದೂ ಸಣ್ಣ ಹೆಜ್ಜೆ. ದ್ಯಾಮಪ್ಪ ಮಾತ್ರ ಪ್ರತಿ ಸಲವೂ ಎದುರಿಗೆ ನಿಂತು, ಮಗಳ ಭುಜಕ್ಕೊಂದು ಕೈ ಕೊಟ್ಟು "ಬಂತೇನವ್ವಾ?" ಎಂದು ಕೇಳುತ್ತಲೇ ಇದ್ದ. ಮಗಳು "ಬಂತು" ಅನ್ನುತ್ತಲೇ ಇದ್ದಳು.

ಹನ್ನೆರಡನೆಯ ದಿನ ಅವನು ಉಮಾಳಿಗೆ ಫೋನು ಮಾಡಿದ. "ಬಾಯಾರ, ಇದು ಒಂದೀಟು ಲಗೂನ ಬಿಡತೈತೇನೋ ಅನಸತೈತ್ರಿ."

ಉಮಾಳ ಎದುರಿನ ಪರದೆಯಲ್ಲಿ ಆ ಮನೆಯ ತೊಂಬತ್ತಕ್ಕೂ ಹೆಚ್ಚು ಸಾಲುಗಳಿದ್ದವು. ಎಲ್ಲವೂ ಹಸಿರು. "ಸರಿಯಾಗೇ ಅದ ಕಾಕಾ. ರೂಢಿ ಆಗ್ತದ" ಎಂದಳು.

"ನೀವು ನೋಡೀರಿ ಅಂದ್ರ ಆತು ಬಿಡ್ರಿ" ಎಂದ ಅವನು.

ಇಪ್ಪತ್ತನೆಯ ದಿನ ಮುಂಜಾನೆ ದ್ಯಾಮಪ್ಪ ಜೋಳದ ಹಿಟ್ಟು ಬೀಸಿಸಲು ಗಿರಣಿಗೆ ಹೋಗಿದ್ದ. ಯಂತ್ರ ಬಂದಿದ್ದರಿಂದಲೇ ಅವನಿಗೆ ಹಾಗೆ ಮನೆ ಬಿಟ್ಟು ಹೋಗುವ ಧೈರ್ಯ ಬಂದಿತ್ತು. ಕಸ್ತೂರಿಗೆ ಗಿರಾಕಿ ಬರುವ ಹೊತ್ತು. ಗುಂಡಿ ಒತ್ತಿದಳು, ತೋಳು ಎತ್ತಿತು, ತಿರುಗಿತು, ಇಳಿಸಿತು. ಚಾಪೆ ಭಾರ ಬಂತು ಎಂದಿತು, ತೋಳು ಬಿಟ್ಟಿತು. ಕಸ್ತೂರಿಯ ತಲೆ ಇನ್ನೂ ರಬ್ಬರಿನ ಭುಜದ ಮೇಲಿತ್ತು. ಹನ್ನೆರಡು ವರ್ಷ ಅವಳ ಮೈ ಕಲಿತದ್ದು ಒಂದೇ: ಬಂತು ಅನ್ನುವ ತನಕ ಹಿಡಿದ ಕೈ ಬಿಡುವುದಿಲ್ಲ. ಸೊಂಟ ಹಿಡಿತದಲ್ಲಿಲ್ಲದ ದೇಹ ಕುರ್ಚಿಯಿಂದ ಮುಂದಕ್ಕೆ ಮಗುಚಿ ಮುಖ ಕೆಳಗಾಗಿ ನೆಲಕ್ಕೆ ಬಿತ್ತು.

ಪ್ರಯೋಗಾಲಯದ ಪರದೆಯಲ್ಲಿ ಒಂದು ಹೊಸ ಸಾಲು ಮೂಡಿತು. 'ಸ್ಥಳಾಂತರ ಯಶಸ್ವಿ. ಮೂವತ್ತೊಂದು ಸೆಕೆಂಡು.' ಹಸಿರು ಬಣ್ಣ. ಉಮಾ ಆಗ ಅಲ್ಲೇ ಕೂತು ಚಹಾ ಕುಡಿಯುತ್ತಿದ್ದಳು. ಆ ಸಾಲನ್ನು ಅವಳು ನೋಡಿಯೂ ಇದ್ದಳು.

ಸುದ್ದಿ ಬಂದಾಗ ಮಧ್ಯಾಹ್ನವಾಗಿತ್ತು. ಫೋನು ಮಾಡಿದವಳು ಹುಸೇನಬಿ. ಅಪ್ಪ ಹೋದ, ಮಗಳು ಬಿದ್ದು ಆಸ್ಪತ್ರೆಯಲ್ಲಿದ್ದಾಳೆ. ಉಮಾಳಿಗೆ ಮೊದಲು ಅರ್ಥವಾಗಲಿಲ್ಲ. ಬಿದ್ದವಳು ಮಗಳಲ್ಲವೇ?

ಮೂರನೆಯ ದಿನ ಆಸ್ಪತ್ರೆಗೆ ಹೋದಳು. ಕಸ್ತೂರಿಯ ಬಲ ತೊಡೆಗೆ ಪ್ಲಾಸ್ಟರಿನ ಪಟ್ಟಿ ಹಾಕಿದ್ದರು. ಹಣೆಯ ಮೇಲೆ ಹೊಲಿಗೆ. ಅಪ್ಪನ ಮಣ್ಣಿಗೂ ಅವಳಿಗೆ ಹೋಗಲಾಗಿರಲಿಲ್ಲ. ಉಮಾ ಹಾಸಿಗೆಯ ಪಕ್ಕ ಕೂತಾಗ ಕಸ್ತೂರಿಯೇ ಹೇಳತೊಡಗಿದಳು, ಕಣ್ಣು ಗೋಡೆಯ ಮೇಲೆ.

"ಕಾಲಾಗ ನೋವು ಗೊತ್ತಾಗೂದಿಲ್ಲಲ್ರೀ ನನಗ. ಲಟ್ ಅಂದಿದ್ದು ಕೇಳಿಸ್ತು, ಅಷ್ಟ. ಅಪ್ಪ ಹಿಟ್ಟಿನ ಡಬ್ಬಿ ಹಿಡಕೊಂಡ ಬಾಗಿಲದಾಗ ನಿಂತಿದ್ದ. ಕೈಯಾಗಿಂದ ಡಬ್ಬಿ ಬಿತ್ತು. ಹುಸೇನಬಿ ಅಕ್ಕಾನ ಕರಿ, ಓಣಿಯಾಗ ಮಂದಿ ಅದಾರ, ಒಬ್ಬನ ಎತ್ತಬ್ಯಾಡ ಅಂತ ಚೀರಿದೆ. ಕೇಳಲಿಲ್ಲ. ಎದುರಿಗೆ ಕುಂತು, ತಬ್ಬಿ, ನೆಲದ ಮ್ಯಾಲಿಂದ ಒಬ್ಬನ ಎತ್ತಿದ. ಲಾಭ ಅನ್ನಲಿಲ್ಲ, ಏನೂ ಅನ್ನಲಿಲ್ಲ. ಹಾಸಿಗಿ ಮ್ಯಾಲೆ ಇಳಿಸಿದ. ಇಳಿಸಿದಾಂವ ಕೇಳಿದ, ಬಂತೇನವ್ವಾ ಅಂತ. ಬಂತು ಯಪ್ಪಾ ಅಂದೆ. ಆಗ ಬಿಟ್ಟ."

ಅವಳು ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ಬಿಟ್ಟು ಕೆಳಗ ಕುಂತ. ಹಾಸಿಗಿ ಮಗ್ಗಲಕ್ಕ ಆತುಕೊಂಡು. ದಣದಾನ ಅಂತ ತಿಳದೆ. ನನಗ ಬಗ್ಗಿ ನೋಡಾಕ ಆಗಲಿಲ್ಲ. ನೆತ್ತಿ ಅಷ್ಟ ಕಾಣತಿತ್ತು. ಕೂದಲಾಗೆಲ್ಲ ಹಿಟ್ಟು."

ಉಮಾ ಅಳಲಿಲ್ಲ. ಅಳುವ ಹಕ್ಕು ತನಗಿಲ್ಲ ಅನ್ನಿಸಿತ್ತು. ಸಮಿತಿ, ಚಾಪೆ, ಒಂಬೈನೂರು ಪರೀಕ್ಷೆ, ತನ್ನ ಸಹಿ, ಎಲ್ಲವನ್ನೂ ಒಂದೂ ಬಿಡದೆ ಹೇಳಿದಳು. ಯಾಕೆ ಹಾಗೆ ಮಾಡಿದೆವು ಎಂಬುದಕ್ಕೆ ಕಾರಣಗಳಿದ್ದವು. ಹೇಳುತ್ತ ಹೋದಂತೆ ಒಂದೊಂದೂ ಅವಳ ಬಾಯಲ್ಲೇ ಸಪ್ಪೆಯಾಯಿತು.

ಕಸ್ತೂರಿ ಪೂರ್ತಿ ಕೇಳಿದಳು. ಯಂತ್ರ ಬಿಚ್ಚಿ ಜೋಡಿಸಿ ಬಲ್ಲ ಹುಡುಗಿ, ಅವಳಿಗೆ ಎರಡು ಸಲ ಹೇಳಬೇಕಾಗಲಿಲ್ಲ.

"ಬದಲ ಮಾಡೀವಿ ಅಂತ ಅಪ್ಪಗ ಹೇಳಿದ್ರೇನ್ರಿ?"

"ಇಲ್ಲ."

"ಹೇಳಿದ್ರ ನನಗ ಬ್ಯಾರೆ ಕಲಸ್ತಿದ್ದ. ಇದು ಕಾಯೂದಿಲ್ಲ, ಕುರ್ಚಿ ತಾಗಿದಕೂಡಲೆ ಹಿಂದಕ್ಕ ಸರಿ ಅಂತಿದ್ದ. ಎರಡ ದಿನದಾಗ ಕಲೀತಿದ್ದೆ ನಾನು." ಕಸ್ತೂರಿ ಮೊದಲ ಸಲ ಉಮಾಳ ಕಡೆ ತಿರುಗಿದಳು. "ಅಕ್ಕಾರ, ಯಂತ್ರದ ತಪ್ಪಲ್ರಿ ಇದು. ಕೊಡಾಂವ ನಾ ಬಿಡಾಂವ ಅದೇನಿ ಅಂತ ಹೇಳಿ ಬಿಟ್ರೂ ನಡೀತಿತ್ತು."

 ಅವಳು ಬೈದಿದ್ದರೆ ಉಮಾಳಿಗೆ ಎಷ್ಟೋ ಹಗುರಾಗುತ್ತಿತ್ತು. ಸಮಿತಿಯ ಮುಂದೆ ಹೋಗಿ ತಪ್ಪು ನನ್ನದು ಎಂದು ಬರೆದುಕೊಟ್ಟಳು. ಎಲ್ಲ ತೋಳುಗಳನ್ನೂ ವಾಪಸು ತರಿಸಿದರು. ತೋಳು ಮತ್ತೆ 'ಬಂತು' ಎಂಬ ಮಾತಿಗೆ ಕಾಯುವಂತೆ ಮಾಡಿ, ಮಾತು ಬಾರದವರಿಗೆ ಬೆರಳಿನಿಂದ ಎರಡು ಸಲ ತಟ್ಟುವ ಏರ್ಪಾಡು ಮಾಡಲು ಅವಳಿಗೆ ಹಿಡಿದದ್ದು ಒಂದೇ ದಿನ. ಒಂದು ದಿನದ ಕೆಲಸ! ಅಂದು ಎಲ್ಲರೂ ನಗುತ್ತಿದ್ದಾಗ ತಲೆ ಓಡಿಸಿದ್ದರೆ ಅಂದೇ ಮುಗಿಯುತ್ತಿತ್ತು. ಅಪ್ಪ ತೀರಿದ ಮೇಲೆ ಕಸ್ತೂರಿಯನ್ನು ಹುಸೇನಬಿ ಮತ್ತು ಅವಳ ಸೊಸೆ, ಇಬ್ಬರೂ ಕೂಡಿ ಎತ್ತಿ ಇಳಿಸುತ್ತಿದ್ದರು. ನಾಲ್ಕನೆಯ ತಿಂಗಳಿಗೆ ಹುಸೇನಬಿಯ ಸೊಂಟ ಹಿಡಿದುಕೊಂಡಿತು. ಆಗ ಕಸ್ತೂರಿ ತಾನಾಗಿಯೇ ಫೋನು ಮಾಡಿದಳು.

"ತೊಗೊಂಡ ಬರ್ರಿ ಅಕ್ಕಾರ."

ಉಮಾ ಒಬ್ಬಳೇ ಬಂದು ತೋಳನ್ನು ಹಾಸಿಗೆಯ ಪಕ್ಕ ನಿಲ್ಲಿಸಿದಳು. ಕೇಳಲೋ ಬೇಡವೋ ಎಂದು ಹಿಂಜರಿದು ಕೇಳಿದಳು, "ಕಾಕಾನ ದನಿ ನಮ್ಮ ಹತ್ರ ಅದ. ಬಂತೇನವ್ವಾ ಅನ್ನೂದು, ನಲವತ್ತೂ ಸಲದ್ದು ಅದ. ಹಾಕಲೇನು?"

ಹಾಸಿಗೆಯಲ್ಲಿ ಕೂತಿದ್ದ ಕಸ್ತೂರಿ ಬಹಳ ಹೊತ್ತು ಪಕ್ಕದ ಮೇಜಿನ ಮೇಲಿನ ತಿರುಪುಗಳನ್ನು ಒಂದು ಕಡೆ ಗುಡ್ಡೆ ಮಾಡಿದಳು. "ಬ್ಯಾಡ್ರಿ. ಅಪ್ಪ ಇಲ್ಲ ಅನ್ನೂದು ನನಗ ಗೊತ್ತೈತಿ. ಅದು ಕೇಳೂದು ಬ್ಯಾಡ. ನಿಂತು ಕಾದ್ರ ಸಾಕು."

ಯಂತ್ರದ ಪಟ್ಟಿಯಲ್ಲಿ ಇನ್ನೊಂದು ಖಾನೆ ಉಳಿದಿತ್ತು: ಕಾಯಬೇಕಾದ ಗರಿಷ್ಠ ಸಮಯ. ಸಮಿತಿ ಅರವತ್ತು ಸೆಕೆಂಡು ಸಾಕು ಎಂದಿತ್ತು. ಉಮಾ ಆ ಖಾನೆಯನ್ನು ಖಾಲಿ ಬಿಟ್ಟಳು. ಬಿಡುವ ಮೊದಲು ಕಸ್ತೂರಿಗೆ ಹೇಳಿದಳು, ಖಾಲಿ ಬಿಟ್ಟರೆ ನೀನು ಹೇಳುವ ತನಕ ಇದು ಎಷ್ಟು ಹೊತ್ತಾದರೂ ಬಿಡುವುದಿಲ್ಲ, ಹೊರಗಿನವರು ಬಿಡಿಸಬೇಕೆಂದರೆ ಹಿಂದಿನ ಕೆಂಪು ಗುಂಡಿ ಒತ್ತಬೇಕು ಎಂದು. ಹುಸೇನಬಿಗೂ ಗುಂಡಿ ತೋರಿಸಿದಳು. ಕಸ್ತೂರಿ ಹೂಂ ಎಂದಳು.

ಎರಡೂ ಬ್ರೇಕು ಹಾಕಿದರು. ಉಮಾ ಕುರ್ಚಿಯನ್ನೊಮ್ಮೆ ಅಲುಗಿಸಿ ನೋಡಿದಳು. ಕಸ್ತೂರಿ ಮುಂದಕ್ಕೆ ಬಾಗಿ ರಬ್ಬರಿನ ಭುಜಕ್ಕೆ ತಲೆ ಕೊಟ್ಟು, ತನ್ನಷ್ಟಕ್ಕೆ ತಾನೇ "ಲಾಭ, ಎಲ್ಡು, ಮೂರು" ಎಂದಳು. ತೋಳು ಎತ್ತಿತು. ಸಣ್ಣ ಸಣ್ಣ ಹೆಜ್ಜೆಯಲ್ಲಿ ತಿರುಗಿತು. ಇಳಿಸಿತು. ಚಾಪೆಯ ದೀಪ ಹಸಿರಾಯಿತು. ತೋಳು ಬಿಡಲಿಲ್ಲ.

ನಾಲ್ಕು ಸೆಕೆಂಡು ಕಳೆಯಿತು. ಹತ್ತು ಕಳೆಯಿತು. ಕಸ್ತೂರಿ ತಲೆ ಎತ್ತಲಿಲ್ಲ. ಎಡಗೈಯ ಬಿಗಿ ತುಸು ಹೆಚ್ಚು, ಬಲಗೈಯದು ಕಡಿಮೆ, ಅಪ್ಪನದು ಹೇಗಿತ್ತೋ ಹಾಗೆಯೇ ಆ ಹಿಡಿತ ಅವಳ ಬೆನ್ನ ಮೇಲಿತ್ತು. ಅವಳ ಹೆಗಲು ಅಲುಗತೊಡಗಿತು. ನಾಲ್ಕು ತಿಂಗಳಿಂದ ಯಾರೆದುರೂ ಅಳದ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಉಮಾ ಒಂದು ಹೆಜ್ಜೆ ಮುಂದಿಟ್ಟವಳು ಅಲ್ಲೇ ನಿಂತಳು. ಹುಸೇನಬಿ ಬಾಗಿಲಲ್ಲಿ ಸೆರಗು ಬಾಯಿಗೊತ್ತಿಕೊಂಡಳು. ಇಬ್ಬರಲ್ಲಿ ಒಬ್ಬರೂ ಕೆಂಪು ಗುಂಡಿಯ ಕಡೆ ಹೋಗಲಿಲ್ಲ. ಹೊರಗೆ ಯಾರೋ ಗಿರಾಕಿ ಬಂದು ಕೂಗಿ ಕೂಗಿ ಹೊರಟುಹೋದ.

ಎಷ್ಟು ಹೊತ್ತಾಯಿತೆಂದು ಉಮಾ ಗಡಿಯಾರ ನೋಡಲಿಲ್ಲ. ಕೊನೆಗೆ ಕಸ್ತೂರಿ ಮುಖ ಒರೆಸಿಕೊಂಡು ತಲೆ ಎತ್ತಿದಳು. ನಿಧಾನವಾಗಿ ಬೆನ್ನು ಹಿಂದಕ್ಕೆ ತಂದು ಕುರ್ಚಿಗೆ ಆನಿಸಿದಳು. ಎರಡೂ ಕೈಗಳಿಂದ ಕುರ್ಚಿಯ ತೋಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬಂತು, ಯಪ್ಪಾ" ಎಂದಳು. "ಇನ್ನ ಬಿಡು."